ನಾಕು ಬೆರಳು ತಗ್ಗಿಸಿದ ಗಾಡಿ

ಕಲ್ಲೋಳಿಯೊಳಗ ಗೊಬ್ಬರದ ಅಂಗಡಿ ಇಟ್ಟಾನಲ್ಲ, ನಮ್ಮ ಬಾಜೂ ಮನಿ ಶಿವಕುಮಾರ, ಅವನಿಗೇ ಆದದ್ದಿದು. ಕೊನೀ ಬಸ್ಸು ಇಳದು ತನ್ನ ತ್ವಾಟದ ಮನಿ ಕಡೆ ಒಬ್ಬನ ಹೊಂಟಿದ್ದ. ಬೀಡಿ ಅಂಗಡಿಗೂ ಕಾರಿನಾಗ ಹೋಗು ಮನಷಾ, ಅವತ್ತ ನಡಕೊಂತ ಹೊಂಟಿದ್ದ. ಚಪ್ಪಲಿ ಸಪ್ಪಳ ಒಂದ... ಚಟ್, ಚಟ್.

ಹಾಳಬಾಂವಿ ಕಟ್ಟಿ ಮ್ಯಾಲ ಯಾರೋ ಕಂಬಳಿ ಹೊದ್ದು ಕುಂತಿದ್ರು.

"ಗಾಡಿ ಎಲ್ಲೈತೋ ತಮ್ಮಾ?" ಪಿಸುದನಿ.

"ಗೋಕಾಕದಾಗ, ಗ್ಯಾರೇಜಿಗೆ ಬಿಟ್ಟೇನಿ."

"ಏನಾಗೇತಿ ಅದಕ್ಕ?"

"ಏನಿಲ್ಲ. ಒಂದೀಟು ತಗ್ಗ ಮಾಡಸಾಕತ್ತೇನಿ."

"ಗಾಡಿ ಇಳಸ್ತಿ... ನನ್ನ ತೊಡಿ ಎಲ್ಲಿಗೆ ಇಳಸ್ತಿ?"

ಶಿವಕುಮಾರ ಹೊಳ್ಳಿ ನೋಡಿದ. ಕಟ್ಟಿ ಖಾಲಿ. ಬಾಂವಿಯೊಳಗ ಗುಳಂ ಅಂತು. ಕಲ್ಲು ಬಿದ್ದ ಸಪ್ಪಳ ಅಲ್ಲ, ಕಪ್ಪಿ ಜಿಗದದ್ದೂ ಅಲ್ಲ... ಯಾರೋ ಗುಟುಕು ನೀರು ನುಂಗಿದಂಗ. ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಆ ದನಿ ಅವನಿಗೆ ಗುರುತಾಗಿತ್ತು. ತುಕ್ಕಾನಟ್ಟಿ ಕುರುಬರ ಹೊಳೆಪ್ಪಂದು, ಕುರಿ ಕಾಯತಿದ್ನಲ್ಲ, ಅವಂದು. ಹೊಳೆಪ್ಪ ಅದ ಬಾಂವಿ ಮುಂದ ಗಾಡಿ ಬಡದು ಸತ್ತು ಇನ್ನೂ ತಿಂಗಳು ತುಂಬಿದ್ದಿಲ್ಲ. ಬಡದಾಂವ ನಿಂದ್ರಲಿಲ್ಲ. ಪೊಲೀಸರು ಬಂದ್ರು, ಬರಕೊಂಡ್ರು, ಚಾ ಕುಡದು ಹೋದ್ರು.

ಬಡದಾಂವ ಯಾರಂದ್ರ ಇವನ! ಬಡದ ರಾತ್ರಿ ಹೇಣತಿ ವಿಜಯಲಕ್ಷ್ಮಿಗೆ "ನಿಮ್ಮ ಹುಕ್ಕೇರಿಗೇ ಹೋಗಿದ್ದೆ, ನಿಮ್ಮಣ್ಣನ ಕೂಡ ಇದ್ದೆ" ಅಂದಿದ್ದ. ಆಕಿ ಪಾಪದಾಕಿ, ನಂಬಿದ್ಲು. ಖರೆ ಅಂದ್ರ ಇವನ ಬಾಜೂಕ ಗಾಡಿಯೊಳಗ ಅಂಕಲಗಿ ಸಪ್ನಾ ಕುಂತಿದ್ಲು. ಆಕಿ ಪುರಾಣ ಬ್ಯಾಡ ಬಿಡ್ರಿ, ನನ್ನ ನಾಲಿಗಿ ಹೊಲಸಾಗತೈತಿ. ಗಾಡಿ ಬಡದಾಗ ಹೊಳೆಪ್ಪಗ ಇನ್ನೂ ಜೀವ ಇತ್ತು. "ದವಾಖಾನಿಗೆ ಒಯ್ಯಪಾ" ಅಂತ ಕೈ ಮುಗದಿದ್ದ. ದವಾಖಾನಿಗೆ ಒಯ್ದರ ಸಪ್ನಾನ ಎಲ್ಲಿ ಮುಚ್ಚಿಡಬೇಕು? ಬಿಟ್ಟ ಬಂದ.

ಕುರುಬರ ಹಿರ್ಯಾರು ಪೊಲೀಸರಂಗಲ್ಲ. ಮಣ್ಣು ಮಾಡೂಕಿಂತ ಮೊದಲ ಹೊಳೆಪ್ಪನ ಕೋಲು ಅವನ ಕಾಲಿಗೆ ಹಚ್ಚಿ, ತೊಡಿ ಮ್ಯಾಲ ಪೆಟ್ಟು ಎಲ್ಲಿ ಬಿದ್ದಿತ್ತೋ ಅಲ್ಲಿ ಕೋಲಿಗೆ ಕಚ್ಚು ಹಾಕಿದ್ರು. ಅದ ಎತ್ತರಕ್ಕ ಯಾವ ಗಾಡಿ ಮೂತಿ ಬರತೈತಿ, ಆ ಗಾಡಿ ಕೊಂದೈತಿ. ಈ ಸುದ್ದಿ ಕೇಳಿದ್ದ ತಡ ಶಿವಕುಮಾರ ತನ್ನ ಗಾಡಿ ಅಳದು ನೋಡಿಕೊಂಡ. ಮೂತಿ ಸರೀ ತೊಡಿ ಮಟಕ್ಕ.

ನೆಗ್ಗಿದ ಮೂತಿ ಮೊದಲ ತಿದ್ದಿಸಿದ್ದ. ಎತ್ತರಕ್ಕೇನು ಮಾಡೂದು? ಗೋಕಾಕದ ಗ್ಯಾರೇಜಿನ ಮಹಾಂತೇಶನ ಕಡೆ ಓಡಿದ. ಈಗ ಹುಡುಗರು ಹಾಕಸ್ತಾರಲ್ಲ, ಏರಿಸಿ ಇಳಸು ಸಸ್ಪೆನ್ಶನ್ನು, ಸ್ಪ್ರಿಂಗಿನ ಕೆಳಗ ಉಂಗುರ ತಿರುವಿದ್ರ ಗಾಡಿ ಏರತೈತಿ, ಇಳಿತೈತಿ, ಅದನ್ನ ಹಾಕಿಸಿ ನಾಕು ಬೆರಳು ತಗ್ಗಿಸಿದ.

"ಸಾವಕಾರ್ರ, ಎತ್ತರ ಬದಲಾತಂದ್ರ ಗಾಲಿ ಸೀದಾ ಇರೂದಿಲ್ರಿ," ಅಂದ ಮಹಾಂತೇಶ. "ಸ್ಪ್ರಿಂಗ್ ಕುಂಡರ್ಲಿ, ಆಮ್ಯಾಲ ಅಲೈನ್‌ಮೆಂಟ್ ಮಾಡಸಬೇಕು. ಇಲ್ಲಂದ್ರ ಒಂದ ಕಡೆ ಎಳಿತೈತಿ."

"ಎಳೀಲಿ ಬಿಡು. ನನಗ ತಗ್ಗಾದ್ರ ಸಾಕು."

ಸುತ್ತಲಿನ ಗಾಡಿ ಎಲ್ಲಾ ಕರಿಸಿ ಅಳಕೊಂತ ಬಂದ ಹಿರ್ಯಾರು ಇವನ ಗಾಡಿನೂ ಬೀರಪ್ಪನ ಗುಡಿ ಮುಂದ ನಿಲ್ಲಿಸಿದ್ರು, ಕೋಲು ಹಚ್ಚಿದ್ರು. ಮೂತಿ ಕಚ್ಚಿನ ಕೆಳಗ! ಹಿರ್ಯಾರು ಮಾರಿ ಮಾರಿ ನೋಡಿಕೊಂಡ್ರು. ಶಿವಕುಮಾರ ಮೀಸಿ ಮ್ಯಾಲ ಕೈ ಆಡಿಸಿದ. ಆವಾಗ ಹೊಳೆಪ್ಪನ ಹೇಣತಿ ಲಗಮವ್ವ ಬೀರಪ್ಪನ ಅರಿಷಿಣ ಭಂಡಾರದ ಚೀಲ ಬಿಚ್ಚಿ ಮುಂದ ಹಿಡದ್ಲು.

"ಇದನ್ನ ಮುಟ್ಟಿ ಹೇಳಪಾ."

ಭಂಡಾರ ಮುಟ್ಟಿ ಸುಳ್ಳು ಹೇಳಿದಾಂವ ಉಳದದ್ದು ನಮ್ಮ ಕಡೆ ಯಾರೂ ಕಂಡಿಲ್ಲ. ಮುಟ್ಟಿದ. "ನನ್ನ ಗಾಡಿ ಅಲ್ಲ" ಅಂದ.

ಲಗಮವ್ವ ಅಳಲಿಲ್ಲ, ಶಾಪಾ ಹಾಕಲಿಲ್ಲ. "ಆತು. ಇನ್ನ ನೀ ಉಂಟು, ಬೀರಪ್ಪ ಉಂಟು" ಅಂದ್ಲು. ಅಷ್ಟ.

ಅವತ್ತಿಂದ ಗಾಡಿ ಎಡಕ್ಕ ಎಳ್ಯಾಕ ಹತ್ತಿತು. ಸ್ಟೇರಿಂಗ್ ಬಿಟ್ಟರ ಸೀದಾ ಹಾಳಬಾಂವಿ ಕಡೆ. ಗೋಕಾಕಕ್ಕ ಒಯ್ದು ಅಲೈನ್‌ಮೆಂಟ್ ಮಾಡಿಸಿದ. ಮಷೀನಿನಾಗ ಎಲ್ಲಾ ಹಸರು, ಗಾಲಿ ಸರಿ. ರೋಡಿಗೆ ಇಳಿದ್ರ ಮತ್ತ ಎಡಕ್ಕ! ಮಹಾಂತೇಶ ಬಗ್ಗಿ ನೋಡಿ ಸಿಟ್ಟಿಗೆದ್ದ.

"ಯಾರ ಕಡೆ ತಿರುವಿಸೀರಿ ಇದನ್ನ? ಮೊದಲಿನ ಎತ್ತರಕ್ಕ ಬಂದೈತಲ್ಲ! ಹಿಂಗ ಏರಿಸಿ ಇಳಿಸಿದ್ರ ಅಲೈನ್‌ಮೆಂಟ್ ಎಲ್ಲಿ ನಿಲ್ಲತೈತಿ?"

"ಯಾರೂ ಮುಟ್ಟಿಲ್ಲೋ."

"ಉಂಗುರದ ಪಾನಾ ನನ್ನ ಕಡೆ ಐತ್ರಿ. ಬರೇ ಕೈಲೆ ತಿರುವಾಕ ಅದೇನು ಬಳಿ ಏನ್ರಿ?"

ಮತ್ತ ಇಳಿಸಿ, ಬಿಗದು, ಉಂಗುರಕ್ಕ ಬಿಳೀ ಬಣ್ಣದ ಗೀಟು ಹೊಡದು ಕೊಟ್ಟ. ಶಿವಕುಮಾರ ಪಾನಾನೂ ಇಸಗೊಂಡು ಬಂದು ತಲಿದಿಂಬಿನ ಕೆಳಗ ಇಟಗೊಂಡು ಮಲಗಿದ.

ನಡುರಾತ್ರಿ ತಗಡಿನ ಶೆಡ್ಡಿನಾಗಿಂದ ಸಪ್ಪಳ ಬಂತು. ಕಿರ್‍ರ್... ಟಕ್. ಕಿರ್‍ರ್... ಟಕ್. ತುಕ್ಕು ಹಿಡದ ನಟ್ಟು ಬಿಚ್ಚಿದಂಗ. ವಿಜಯಲಕ್ಷ್ಮಿನೂ ಕೇಳಿದ್ಲು.

"ಏನ್ರಿ ಅದು?"

"ಇಲಿ. ಮಲಕೋ."

"ಇಲಿ ಉಸರು ಬಿಡತೈತೇನ್ರಿ?"

ಮುಂಜಾನೆ ನೋಡಿದ್ರ ಗಾಡಿ ಎದ್ದು ನಿಂತಿತ್ತು. ಬಿಳೀ ಗೀಟು ಹೊಳ್ಳಿ ಹಿಂದಕ್ಕ ಹೋಗಿತ್ತು. ಇದನ್ನ ಯಾರರೆ ನೋಡಿದ್ರ? ಮತ್ತೊಮ್ಮೆ ಕೋಲು ತಂದ್ರ? ಇವತ್ತ ಹುಕ್ಕೇರಿಗೆ ಒಯ್ದು ಸಿಕ್ಕ ರೇಟಿಗೆ ಮಾರಿಬಿಡೂದು ಅಂತ ಹೊಂಟ.

ಹುಕ್ಕೇರಿ ಯಾವ ದಿಕ್ಕು, ತುಕ್ಕಾನಟ್ಟಿ ಯಾವ ದಿಕ್ಕು! ಸ್ಟೇರಿಂಗ್ ಬಲಕ್ಕ ಹಿಡದ ಕೈ ಕಂದಿದ್ವು, ಟೈರು ಚರ್‍ರ್ ಅಂತ ಅರಚಿತು, ಗಾಡಿ ಎಡಕ್ಕ ಹೊಳ್ಳಿತು. ಬ್ರೇಕು ಒತ್ತಿದ್ರೂ ನಿಲ್ಲಲಿಲ್ಲ. ನಿಂತದ್ದು ಲಗಮವ್ವನ ಅಂಗಳದಾಗ. ಅಲ್ಲೇ ಇಂಜಿನ್ನೂ ಸತ್ತಿತು.

ಓಣಿ ಮಂದಿ ಕೂಡಿದ್ರು. ಲಗಮವ್ವ ಒಳಗಿಂದ ಕೋಲು ತಂದ್ಲು. ಮೂತಿಗೆ ಹಚ್ಚಿದ್ಲು. ಕಚ್ಚಿಗೆ ಸರೀ ಕೂತಿತು.

"ಅವತ್ತ ತಗ್ಗಿತ್ತಲ್ಲಪಾ?"

"ಯವ್ವಾ, ನಾ ಇಳಿಸಿದ್ನಿ... ಅದ ತಾನ ಏರೇತಿ!"

ಮಂದಿ ಒಂದ ಹೆಜ್ಜಿ ಮುಂದಕ್ಕ ಬಂದ್ರು.

"ಇಳಿಸಿದ್ನಿ ಅಂದಿ," ಅಂದ್ಲು ಲಗಮವ್ವ. "ಯಾಕ ಇಳಿಸಿದ್ದಿ?"

ಬಾಯಿ ಜಾರಿತ್ತು. ಇನ್ನೂ ಏನರೆ ಕಟ್ಟಿ ಹೇಳತಿದ್ದನೋ ಏನೋ. ಆದರ ಹಿಂದಿನ ಸೀಟಿನಿಂದ ಅವನ ಕಿವಿಗೆ ಪಿಸುದನಿ ಬಿತ್ತಂತ... "ಹೇಳು. ಜೀವ ಇತ್ತು ಅಂತನೂ ಹೇಳು."

ಬಿಕ್ಕಿ ಬಿಕ್ಕಿ ಹೇಳಿದ. ಬಾಂವಿ, ಸಪ್ನಾ, ಕೈ ಮುಗದದ್ದು, ಭಂಡಾರದ ಸುಳ್ಳು, ಎಲ್ಲಾ. ಪೊಲೀಸರು ಬಂದ್ರು. ಈ ಸಲ ಚಾ ಕುಡೀಲಿಲ್ಲ. ವಿಜಯಲಕ್ಷ್ಮಿ ಅವನ ಅರಬಿ ಎಲ್ಲಾ ಗಟಾರಕ್ಕ ಒಗದು ಹುಕ್ಕೇರಿ ಹಾದಿ ಹಿಡದ್ಲು. ಜೈಲಿನಾಗ ಅವನ ಮಗ್ಗಲಕ ಯಾರೂ ಮಲಗೂದಿಲ್ಲಂತ. ನಿದ್ದಿಯೊಳಗ ತೊಡಿ ಹಿಡಕೊಂಡು "ದವಾಖಾನಿಗೆ ಒಯ್ಯಪಾ" ಅಂತಾನಂತ, ತನ್ನ ದನಿಲೆ ಅಲ್ಲ.

ಗಾಡಿ ಮಾತ್ರ ಆ ಅಂಗಳ ಬಿಟ್ಟು ಅಲಗಲಿಲ್ಲ. ಟ್ರ್ಯಾಕ್ಟರ್ ಹಚ್ಚಿ ಎಳದ್ರು, ಹಗ್ಗ ಹರೀತು. ಗ್ಲಾಸು ಏರಿಸಿ, ಕೀಲಿ ಹಾಕಿ, ಕೀಲಿ ಪೊಲೀಸರು ಒಯ್ದಾರ. ನೀವು ನಗ್ತೀರಿ, ನಗ್ರಿ. ಹ್ವಾದ ಅಮಾಸಿ ಮರುದಿನ ಲಗಮವ್ವನ ಮಾತಾಡ್ಸಾಕ ಹೋದಾಗ ನಾನ ಗ್ಲಾಸಿಗೆ ಮಾರಿ ಹಚ್ಚಿ ನೋಡೇನಿ, ಕಣ್ಣಿಗಿನ್ನೂ ಪೊರಿ ಬಂದಿಲ್ಲ ನನಗ. ಹಿಂದಿನ ಸೀಟಿನ ಮ್ಯಾಲ ಒಂದ ಬೊಗಸಿ ಕುರಿ ಹಿಕ್ಕಿ. ಒಣಗಿದ್ದಲ್ಲ... ಹಸೀದು.