ಶಿಮುಲ್‌ಹಾಟ್‌ಗೆ ರೈಲು ತಪ್ಪಿಸಿದವರ ಎದುರು

ಕೋಲ್ಕತ್ತೆಯ ಕನ್ನಡ ಬಂಧುಗಳೆ, ನಮ್ಮ ಸಂಸ್ಥೆಯ ಸಹೋದ್ಯೋಗಿಗಳೆ, ರಂಗನಾಥರ ಹೆಂಡತಿ ವಸಂತಕ್ಕ, ಮಗಳು ಖುಷಿ — ಎಲ್ಲರಿಗೂ ನಮಸ್ಕಾರ. ಶಿಮುಲ್‌ಹಾಟ್‌ನಿಂದ ಬಸ್ಸು ಹಿಡಿದು ಬಂದ ಅಂಗಡಿಯವರಿಗೂ ನಮಸ್ಕಾರ. ನನ್ನ ಮಾತನ್ನು ಖುಷಿ ನಿಮಗೆ ಬಂಗಾಳಿಯಲ್ಲಿ ಹೇಳುತ್ತಾಳೆ.

ನಾನು ಮೈತ್ರಿ. ರಂಗನಾಥರ ಪಕ್ಕದ ಮೇಜಿನಲ್ಲಿ ಕೂತು ರೈಲು ಮತ್ತು ಊರುಗಳ ಚರಿತ್ರೆ ಬರೆದವಳು. ಸತ್ತವರ ಫೋಟೋ ಎದುರು ಕಟುಮಾತು ಬೇಡ ಎಂದು ನಿರ್ದೇಶಕರು ಬಾಗಿಲಲ್ಲೇ ಹೇಳಿದರು. ಕ್ಷಮಿಸಿ — ಇಲ್ಲ, ಕ್ಷಮಿಸುವುದೂ ಬೇಡ.

ಯಾವ ಊರಿಗೆ ಹೋದರೂ ರಂಗನಾಥರು ಹಳೆಯ ಅಂಗಡಿಗಳ ಮುಖ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಹೊಳೆಯ ಕಡೆಯ ಬಾಗಿಲು ಮುಚ್ಚಿ ಸ್ಟೇಷನ್ ಕಡೆಗೆ ಹೊಸ ಬಾಗಿಲು ಒಡೆದ ಗೋಡೆ ಸಿಕ್ಕರೆ — ಹೀಗೆ — ಅಂಗೈಯಿಂದ ತಟ್ಟುತ್ತಿದ್ದರು. ಅಲ್ಲೇ ಮಣ್ಣಿನ ಕುಡಿಕೆಯಲ್ಲಿ ಚಹಾ. ಅವರದೇ ಧಾರವಾಡದ ಮಾತು: "ಊರಿಗೂ ಕಾಲು ಇರ್ತಾವ ನೋಡ್ರಿ. ರೈಲ್ ಎಲ್ಲಿ ನಿಂದ್ರತದೋ ಅಲ್ಲಿಗೆ ನಡದ ಹೋಗ್ತದ. ಬಡವರನ್ನಷ್ಟ ಹಿಂದ ಬಿಡ್ತದ."

ರೈಲು ನಿಲ್ಲದೆ ಹೋದ ಊರು ಮೊಮ್ಮಕ್ಕಳ ಕಾಲಕ್ಕೂ ಚೇತರಿಸಿಕೊಳ್ಳುವುದಿಲ್ಲ — ಅವರ ಇಡೀ ದುಡಿಮೆ ಹೇಳಿದ್ದು ಇದನ್ನೇ. ಹೊಸ ಮಾರ್ಗ ಶಿಮುಲ್‌ಹಾಟ್ ಬಿಟ್ಟು ಬಿಲ್ಡರ್‌ಗಳ ಬಯಲಿಗೆ ಹೊರಳಿದಾಗ ನಮ್ಮ ಸಂಸ್ಥೆ ರೈಲ್ವೆಗೆ ಕೊಡಬೇಕಿದ್ದ ವರದಿಯಲ್ಲಿ ಅವರು ಬರೆದದ್ದೂ ಇದನ್ನೇ.

ನಿರ್ದೇಶಕ ಅಶ್ವತ್ಥನಾರಾಯಣರೆ, ನೀವು ಏನು ಮಾಡಿದಿರಿ? ಆ ಅಧ್ಯಾಯ ಕಿತ್ತಿರಿ. 'ಈ ಊರು ಹೇಗೂ ಸಾಯುತ್ತಿದೆ' ಎಂದು ಸೇರಿಸಿದಿರಿ. ಕೆಳಗೆ ಅವರ ಹೆಸರು ಹಾಕಿಸಿದಿರಿ. ಇದೇನೆಂದು ಕೇಳಲು ಬಂದ ಅವರಿಗೆ ಎಲ್ಲರೆದುರೇ, "ರಂಗನಾಥ್, ಚರಿತ್ರೆಯವರು ಸತ್ತ ಊರು ನೋಡ್ಕೊಳ್ಳಿ, ಬದುಕೋ ಊರು ನಮಗೆ ಬಿಡಿ" ಎಂದಿರಿ. ಕೋಣೆಯ ತುಂಬ ಜನ. ಒಬ್ಬರೂ ಬಾಯಿ ಬಿಡಲಿಲ್ಲ.

ವರದಿಯ ಕೆಳಗೆ ಅವರ ಹೆಸರು ಕಂಡು ಶಿಮುಲ್‌ಹಾಟ್‌ನ ಚಹಾದಂಗಡಿಯವರೇ "ದಾದಾ, ನೀವೂನಾ?" ಎಂದು ಕೇಳಿದ ದಿನ ಮನೆಗೆ ಬಂದು ಮಲಗಿದವರು ಏಳಲಿಲ್ಲ.

ಮೊದಲ ಹಾರ ಹಿರಿಯ ಅಧಿಕಾರಿಯದೇ ಆಗಬೇಕಂತೆ, ಪದ್ಧತಿ. ನಿಮ್ಮ ರಜನಿಗಂಧದ ಹಾರವನ್ನು ವಸಂತಕ್ಕ ಫೋಟೋದಿಂದ ತೆಗೆದಿಟ್ಟಿದ್ದಾರೆ. ಹೋಗುವಾಗ ಕೊಂಡೊಯ್ಯಿರಿ.

ನಾಳಿದ್ದು ಬಿಬಿಡಿ ಬಾಗ್‌ನ ಸರ್ಕಾರಿ ಕಚೇರಿಯಲ್ಲಿ ಈ ಹೊಸ ಮಾರ್ಗದ ಸಾರ್ವಜನಿಕ ವಿಚಾರಣೆ. ಕಿತ್ತ ಅಧ್ಯಾಯವನ್ನು ನಾನು ಓದುತ್ತೇನೆ. ಕಿತ್ತವರ ಹೆಸರು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಅವರ ಹೆಸರಿಗೆ ಬಳಿದ ಮಸಿಯನ್ನು ನಿಮ್ಮ ಮುಖಕ್ಕೆ ಒರೆಸದೆ ಬಿಡುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ, ರಂಗನಾಥರಿಗಾಗಿ ಒಂದು ನಿಮಿಷ ಮೌನವಾಗಿರೋಣ. ಅಂದು ಆ ಕೋಣೆಯಲ್ಲಿದ್ದವರು ಮಾತ್ರ ಕೂತೇ ಇರಿ — ನಿಮ್ಮ ಮೌನವನ್ನು ಅವರು ಬದುಕಿದ್ದಾಗಲೇ ನೋಡಿ ಹೋಗಿದ್ದಾರೆ.