ಮೇಕೆ ಕ್ಷಮೆ ಕೇಳುವುದಿಲ್ಲ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಅತ್ತಿಗೆ, ಅವರ ಮಗಳು, ಅಳಿಯ, ಸ್ಟುಡಿಯೋದ ಹಳೆಯ ಹೊಸ ಗೆಳೆಯರು, ಈ ಬೀದಿಯ ಮಕ್ಕಳು — ಹೌದು, ಮಕ್ಕಳೇ, ನಿಮಗೂ ನಮಸ್ಕಾರ, ಇವತ್ತು ಯಾರ ನೆನಪಿಗೆ ಸೇರಿದ್ದೇವೋ ಅವರು ಇದ್ದಿದ್ದರೆ ಮೊದಲು ನಿಮಗೇ ಹೇಳುತ್ತಿದ್ದರು — ಆಮೇಲೆ ನಮ್ಮ ಮ್ಯಾನೇಜರ್ ಸಾಹೇಬರು. ಬಂದಿದ್ದೀರಿ ಸಾರ್, ಸಂತೋಷ. ನಿಮ್ಮ ಹತ್ತಿರ ಒಂದು ಮಾತು ಆಡುವುದಿದೆ. ಸ್ವಲ್ಪ ಕೂತಿರಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನಾನು ಕಾರ್ಟೂನ್ ಸ್ಟುಡಿಯೋದ ಬಣ್ಣದ ಕೋಣೆಯವಳು. ಅವರು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು, ನಾನು ಬಣ್ಣ ತುಂಬುತ್ತಿದ್ದೆ. ನಡುವೆ ಒಂದು ಗಾಜಿನ ಗೋಡೆ. ಅರ್ಧ ಆಯಸ್ಸು ಆ ಗಾಜಿನ ಈಚೆ ಕೂತು ಅವರ ಮುಖ ನೋಡಿದ್ದೇನೆ. ಮನೆಯವರು ಇಟ್ಟ ಹೆಸರು ಏನೇ ಇರಲಿ, ನಮಗೆ ಅವರು ಗಡ್ಡಣ್ಣ, ಅವರ ಹೆಂಡತಿ ಅತ್ತಿಗೆ. ಇವತ್ತೂ ಹಾಗೇ ಕರೆಯುತ್ತೇನೆ.

ನನಗಿಂತ ಮೊದಲು ಮಾತಾಡಿದವರು ತುಂಬಲಾರದ ನಷ್ಟ ಅಂದರು. ಸಂತನಂಥ ಮನುಷ್ಯ ಅಂದರು. ನಷ್ಟ ಹೌದು. ಸಂತ ಮಾತ್ರ ಅಲ್ಲ, ಕ್ಷಮಿಸಿ. ಮೊಂಡ. ಶುದ್ಧ ಮೊಂಡ! ಅತ್ತಿಗೆ ನಗುತ್ತಿದ್ದಾರೆ ನೋಡಿ, ಅವರಿಗೆ ಗೊತ್ತು.

ಅವರ ಮೇಕೆಯನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಹೇಳುವುದೇ ಒಂದು ಖುಷಿ. ಪುಟ್ಟ ರೈಲು ನಿಲ್ದಾಣ. ಒಬ್ಬ ಸ್ಟೇಷನ್ ಮಾಸ್ಟರು — ಹೊಟ್ಟೆ ಮುಂದೆ, ಟೋಪಿ ಹಿಂದೆ. ಒಂದು ಮೇಕೆ. ಅದು ಹಸಿರು ಬಾವುಟ ತಿನ್ನುತ್ತದೆ, ರೈಲು ಹೊರಡುವುದಿಲ್ಲ. ಕೆಂಪು ಬಾವುಟ ತಿನ್ನುತ್ತದೆ, ರೈಲು ನಿಲ್ಲುವುದಿಲ್ಲ. ಮಾಸ್ಟರ ಟೋಪಿ ತಿನ್ನುತ್ತದೆ. ಕೊನೆಗೆ ಹಳಿಯ ತುದಿಯನ್ನೇ ಬಾಯಿಗೆ ಹಾಕಿಕೊಂಡು, ಹೀಗೆ — ಸರ್ರಂತ — ದಾರ ಎಳೆದ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ಒಂದು ಪಾತ್ರೆ ಹಾಲು ಕಾಯುವಷ್ಟು ಹೊತ್ತಿನ ಚಿತ್ರಗಳು. ದೊಡ್ಡ ಸಿನಿಮಾಕ್ಕೆ ಮೊದಲು ಥಿಯೇಟರಿನಲ್ಲಿ ಹಾಕುತ್ತಿದ್ದರು. ಎಷ್ಟೋ ಜನ ಅದನ್ನು ನೋಡಿ, ದೊಡ್ಡ ಸಿನಿಮಾಕ್ಕೆ ನಿದ್ದೆ ಮಾಡುತ್ತಿದ್ದರು.

ಗಡ್ಡಣ್ಣ ಮೊದಲು ತಾವು ಮಾಡಿ ನೋಡದೆ ಏನನ್ನೂ ಬರೆದವರಲ್ಲ. ಬಾವುಟ ತಿನ್ನುವ ಮೇಕೆ ಬರೆಯಬೇಕಾ? ನನ್ನ ಕೈ ಒರೆಸುವ ಟವೆಲ್ ಬಾಯಿಗೆ ಹಾಕಿಕೊಂಡು, ಮೇಜಿನ ಮೇಲಿನ ಕನ್ನಡಿಗೆ ಮುಖ ಹಿಡಿದು ಜಗಿಯುತ್ತಿದ್ದರು. ಒಂದು ಸಲ ಯಾರೋ ಕೆಲಸ ಕೇಳಿಕೊಂಡು ಬಂದರು. ಒಳ್ಳೆ ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು. ನೋಡಿದರೆ ಮೇಜಿನ ಕೆಳಗೆ ಒಬ್ಬ ಗಡ್ಡದ ಮನುಷ್ಯ, ನಾಲ್ಕು ಕಾಲಿನ ಮೇಲೆ, ಬಾಯಲ್ಲಿ ಟವೆಲ್ಲು. ಆಸಾಮಿ ತಿರುಗಿ ನೋಡದೆ ಓಡಿದ! ಗಡ್ಡಣ್ಣ ಟವೆಲ್ ತೆಗೆದು, "ಹೋಗ್ಲಿ ಬಿಡಮ್ಮ, ಅವನಿಗೆ ಹಸಿವಿಲ್ಲ" ಅಂದರು. ಮತ್ತೆ ಬಾಯಿಗೆ ಹಾಕಿಕೊಂಡರು.

ಹೋದ ವರ್ಷ ಕಂಪನಿಯವರು ಹಳೆಯ ಮೇಕೆ ಚಿತ್ರಗಳನ್ನೆಲ್ಲ ಸೇರಿಸಿ ಒಂದು ಪೂರ್ತಿ ಸಿನಿಮಾ ಮಾಡುವುದು ಅಂತ ತೀರ್ಮಾನಿಸಿದರು. ಒಳ್ಳೆಯ ತೀರ್ಮಾನ, ಅದಕ್ಕೆ ನಾನು ಚಪ್ಪಾಳೆ ಹೊಡೆಯುತ್ತೇನೆ. ಆದರೆ ಬಿಡಿ ಚಿತ್ರಗಳನ್ನು ಸುಮ್ಮನೆ ಅಂಟಿಸಿದರೆ ಸಿನಿಮಾ ಆಗುವುದಿಲ್ಲ. ನಡುವೆ ಹೊಸ ದೃಶ್ಯ ಬೇಕು. ನಿವೃತ್ತಿಯಾಗಿ ಮನೆಯಲ್ಲಿದ್ದ ಗಡ್ಡಣ್ಣನನ್ನು ಕರೆಸಿದರು. ಅವರು ಬಂದ ದಿನವೇ ಉಪಾಯ ಹೇಳಿದರು — ಸ್ಟೇಷನ್ ಮಾಸ್ಟರು ಮುಖ್ಯ ಕಚೇರಿಗೆ ಫೋನ್ ಮಾಡಿ ಮೇಕೆಯ ಮೇಲೆ ದೂರು ಹೇಳುತ್ತಾನೆ. ಒಂದೊಂದು ದೂರೂ ಒಂದೊಂದು ಹಳೆಯ ಚಿತ್ರ. ದೂರು ಮುಗಿಯುವ ಹೊತ್ತಿಗೆ ಮೇಕೆ ಫೋನಿನ ತಂತಿ ತಿಂದಿರುತ್ತದೆ. ಅಷ್ಟೇ. ಇನ್ನೇನು ಬೇಕು?

ಎಲ್ಲ ಸೇರಿಸಿ ಸಣ್ಣ ಕೋಣೆಯಲ್ಲಿ ಮೊದಲ ಸಲ ಹಾಕಿದಾಗ ಒಂದು ವಿಷಯ ಬಯಲಾಯಿತು. ಮೇಕೆಯ ಗಡ್ಡ! ಮೊದಲ ಚಿತ್ರದಲ್ಲಿ ಕಪ್ಪು. ಆಮೇಲೆ ಅಲ್ಲೊಂದು ಇಲ್ಲೊಂದು ಬಿಳಿ. ಕೊನೆಗೆ ಪೂರ್ತಿ ಬೆಳ್ಳಗೆ. ಯಾರೂ ಹಾಗೆ ಮಾಡಿ ಅಂದಿರಲಿಲ್ಲ. ಬಣ್ಣದ ನಮೂನೆ ಗೋಡೆಯ ಮೇಲೆ ಇತ್ತು. ನಾನು ಗೋಡೆ ನೋಡುತ್ತಿರಲಿಲ್ಲ — ಗಾಜಿನ ಆಚೆ ಇದ್ದ ಗಡ್ಡ ನೋಡಿಕೊಂಡೇ ಬಣ್ಣ ಕಲಸುತ್ತಿದ್ದೆ. ಅವರಿಗೆ ನರೆತ ಹಾಗೆ ಮೇಕೆಗೂ ನರೆಯಿತು. ಬಿಡಿಬಿಡಿಯಾಗಿ ನೋಡಿದಾಗ ಒಬ್ಬರಿಗೂ ಕಾಣಲಿಲ್ಲ. ಒಟ್ಟಿಗೆ ನೋಡಿದರೆ ಒಬ್ಬ ಮನುಷ್ಯನ ಇಡೀ ಆಯಸ್ಸು. ದೀಪ ಹಾಕಿದ ಮೇಲೂ ಗಡ್ಡಣ್ಣ ಪರದೆ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ನನ್ನನ್ನ ಕೇಳ್ದೆ ನನಗೆ ವಯಸ್ಸು ಮಾಡಿದ್ದೀಯಲ್ಲ!" ಅಂದರು.

ಅಲ್ಲಿಂದ ಜಗಳ ಶುರು. ನಮ್ಮ ಸಾಹೇಬರು ಕೆಟ್ಟವರಲ್ಲ, ಅದನ್ನೂ ಹೇಳುತ್ತೇನೆ. ಸಿನಿಮಾ ನೋಡಿ ಹೊಟ್ಟೆ ಹಿಡಿದುಕೊಂಡು ನಗುವವರೇ. ನಕ್ಕ ಮೇಲೆ ಹೆದರುವವರು. ಅವರು ಅಂದರು, "ನೋಡಿ, ಮೇಕೆಗೆ ವಯಸ್ಸಾಗಿದೆ. ವಯಸ್ಸಾದ ಮೇಲಾದ್ರೂ ಬುದ್ಧಿ ಬರ್ಬೇಕು. ಕೊನೇಲಿ ಅದು ಮಾಸ್ಟರ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳ್ಲಿ. ಮಕ್ಕಳಿಗೆ ಒಂದು ನೀತಿ ಆಗುತ್ತೆ."

ಗಡ್ಡಣ್ಣ ಕೇಳಿದರು, "ನನಗೆ ಬಂದಿದೆಯಾ?"

"ಏನು?"

"ಬುದ್ಧಿ."

ಆದರೂ ಪ್ರಯತ್ನ ಮಾಡಿದರು, ಸುಳ್ಳು ಹೇಳಬಾರದು. ಕನ್ನಡಿಯ ಮುಂದೆ ಕೂತು, ಮುಖ ಸಣ್ಣದು ಮಾಡಿ, ಪಶ್ಚಾತ್ತಾಪ ಪಡುವ ಮೇಕೆ ಬರೆದರು. ಎಲ್ಲರನ್ನೂ ಕರೆದು ತೋರಿಸಿದರು. ನೋಡಿದರೆ ಹೊಟ್ಟೆನೋವು ಬಂದ ಮೇಕೆ! ನಾವು ಬಿದ್ದು ಬಿದ್ದು ನಕ್ಕೆವು. ಸಾಹೇಬರು ಬಂದು ನೋಡಿ, ಕಣ್ಣು ತೇವ ಮಾಡಿಕೊಂಡು, "ಇದೇ, ಇದೇ ನನಗೆ ಬೇಕಾಗಿದ್ದು" ಅಂದರು. ಗಡ್ಡಣ್ಣ ಆ ಹಾಳೆಯನ್ನು ಅಲ್ಲೇ ಹರಿದು ಹಾಕಿದರು. ಪಕ್ಕದಲ್ಲೇ ನಿಂತಿದ್ದೆ. ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಸಾರ್, ಅದು ಟೋಪಿ ತಿನ್ನುತ್ತೆ. ಮುಂದಿನ ಚಿತ್ರದಲ್ಲಿ ಮಾಸ್ಟರ ತಲೆ ಮೇಲೆ ಟೋಪಿ ಇದ್ದೇ ಇರುತ್ತೆ. ನಮ್ಮ ಲೋಕದಲ್ಲಿ ಯಾರಿಗೂ ಏನೂ ನಷ್ಟ ಆಗಲ್ಲ. ನಷ್ಟಾನೇ ಇಲ್ದಿರೋ ಒಂದೇ ಒಂದು ಜಾಗ ಅದು. ಅಲ್ಲೂ ತಲೆ ತಗ್ಗಿಸು ಅಂದ್ರೆ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಅವರ ಕೊನೆಯ ದೃಶ್ಯವೇ ಬೇರೆ. ಮುಖ್ಯ ಕಚೇರಿಯ ದೊಡ್ಡ ಸಾಹೇಬರೇ ರೈಲಿನಲ್ಲಿ ಬಂದಿಳಿಯುತ್ತಾರೆ. ಮಾಸ್ಟರು ಮೇಕೆಯನ್ನು ತೋರಿಸುತ್ತಾನೆ. ದೊಡ್ಡ ಸಾಹೇಬರು ಬಗ್ಗಿ ಬೆರಳು ಅಲ್ಲಾಡಿಸುತ್ತಾರೆ. ಮೇಕೆ ಅವರನ್ನು ನೋಡುತ್ತದೆ. ನಮ್ಮನ್ನು ನೋಡುತ್ತದೆ. ಅಷ್ಟರಲ್ಲಿ ಪರದೆಯ ಮೇಲೆ 'ಶುಭಂ' ಅಂತ ಬರುತ್ತದೆ — ಮೇಕೆ ಅದನ್ನೂ ತಿಂದುಬಿಡುತ್ತದೆ. ಆಮೇಲೆ ಸುಮ್ಮನೆ ಜಗಿಯುತ್ತಾ ನಿಲ್ಲುತ್ತದೆ. ಇದನ್ನು ಅವರು ಮನೆಯಲ್ಲಿ, ಊಟದ ಮೇಜಿನ ಮೇಲೆ ಬರೆದರು. ಮುಖ್ಯ ಭಂಗಿಗಳೆಲ್ಲ ಮುಗಿದಿದ್ದವು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳನ್ನು ನಾವು ತುಂಬಬೇಕಿತ್ತು. ಅಷ್ಟರಲ್ಲಿ ಎದೆನೋವು ಬಂತು. ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಎಲ್ಲ ಮುಗಿದಿತ್ತು.

ಮುಗಿದಿತ್ತು — ಹೇಳುವುದು ಎಷ್ಟು ಸುಲಭ ನೋಡಿ. ನನಗೆ ದುಃಖಕ್ಕಿಂತ ಸಿಟ್ಟು ಜಾಸ್ತಿ. ನಮ್ಮ ಕೆಲಸದಲ್ಲಿ ಬಿದ್ದವರು ಏಳುತ್ತಾರೆ, ಚಪ್ಪಟೆಯಾದವರು ಉಬ್ಬುತ್ತಾರೆ. ಆ ಮನುಷ್ಯ ಮಾತ್ರ ಏಳಲಿಲ್ಲ. ಇದು ಅನ್ಯಾಯ. ಯಾರನ್ನು ಕೇಳುವುದು ಗೊತ್ತಿಲ್ಲ, ಅದಕ್ಕೇ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಗಡ್ಡಣ್ಣ ತೀರಿಹೋದ ವಾರವೇ ಸಾಹೇಬರು ನಮಗೆ ಹೇಳಿಕಳಿಸಿದರು — ಮೇಕೆ ತಲೆ ತಗ್ಗಿಸುವ ದೃಶ್ಯ ಮಾಡಿ, ಅದರ ಕೆಳಗೆ 'ಗಡ್ಡಣ್ಣನ ನೆನಪಿಗೆ ಅರ್ಪಣೆ' ಅಂತ ಹಾಕೋಣ ಅಂತ. ಅವರು ಬೇಡ ಅಂದಿದ್ದಕ್ಕೆ ಅವರದೇ ಹೆಸರು! ನಾನು ಅತ್ತಿಗೆಯ ಹತ್ತಿರ ಹೋಗಿ ವಿಷಯ ಹೇಳಿದೆ. ಅತ್ತಿಗೆ ಅಳಲಿಲ್ಲ. ಒಳಗೆ ಹೋಗಿ ಆ ಕೊನೆಯ ದೃಶ್ಯದ ಹಾಳೆಗಳ ಕಟ್ಟು ತಂದು ನನ್ನ ಮಡಿಲಿಗೆ ಹಾಕಿದರು. "ತಗೊಂಡು ಹೋಗು. ಆ ಮೇಕೆ ತಲೆ ತಗ್ಗಿಸಿದ್ರೆ ನಾನು ಆ ಸಿನಿಮಾ ನೋಡೋಕೆ ಬರಲ್ಲ, ಅವರ ಫೋಟೋನೂ ಕಳಿಸಲ್ಲ" ಅಂದರು.

ಸಾಹೇಬರೇ, ಈಗ ನಿಮ್ಮ ಹತ್ತಿರ ಆಡಬೇಕಾದ ಮಾತು. ನೀವು ಹೇಳಿದ ದೃಶ್ಯವನ್ನು ನಾವು ಬರೆಯಲಿಲ್ಲ. ಅವರು ಬರೆದದ್ದನ್ನು ಮುಗಿಸಿದ್ದೇವೆ. ಗೆರೆಯವರು ನಡುವಿನ ಚಿತ್ರ ತುಂಬಿದರು, ನಾನು ಬಣ್ಣ ಹಾಕಿದೆ, ಗಡ್ಡ ಬೆಳ್ಳಗೇ ಇದೆ. ನಿನ್ನೆ ಎಲ್ಲ ಒಣಗಿತು. ನೀವು ಬೇಡ ಅನ್ನಬಹುದು, ಕಂಪನಿ ನಿಮ್ಮದು. ಬೇರೆಯವರ ಕೈಲಿ ಬರೆಸಬಹುದು. ನಮ್ಮನ್ನು ಮನೆಗೆ ಕಳಿಸಬಹುದು. ಆದರೆ ನಮ್ಮ ಕೈಯಲ್ಲಿ ಆ ಮೇಕೆಯ ಕತ್ತು ಬಗ್ಗುವುದಿಲ್ಲ. ಬೇಡ ಸಾರ್, ಈಗ ಉತ್ತರ ಕೊಡಬೇಡಿ. ಮೊದಲು ಒಂದು ಸಲ ಹಾಕಿ ನೋಡಿ. ಈ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಇನ್ನು ನನ್ನ ಮಾತು ಸಾಕು. ಅತ್ತಿಗೆ, ಮಗಳೇ, ನಿಮ್ಮ ಮನೆಯ ನೋವನ್ನು ಹಂಚಿಕೊಳ್ಳುವ ಶಕ್ತಿ ನಮಗೆಷ್ಟಿದೆಯೋ ಗೊತ್ತಿಲ್ಲ, ಪಕ್ಕದಲ್ಲಂತೂ ಇರುತ್ತೇವೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೂತೇ ಇರಬೇಕಾದ ಹಿರಿಯರು ಕೂತಿರಿ, ಪರವಾಗಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ. ಇಂಥ ಹೊತ್ತಿನಲ್ಲಿ ತಲೆ ಬಗ್ಗಿಸಿ ನಿಲ್ಲುತ್ತಾರೆ, ಗೊತ್ತು —

ಇವತ್ತು ಬೇಡ. ಇವರಿಗೆ ಬೇಡ. ತಲೆ ಎತ್ತಿ ನಿಲ್ಲಿ.