ಅಂಗನವಾಡಿ ಅರ್ಜಿ, ಕಡೆಯ ದಿನ

೧೯೯೭ರ ದಸರಾ ಮುಗಿದು ಬಾಗಿಲು ತೆರೆದ ಮೊದಲ ದಿನವೇ ಅಫಜಲಪುರ ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಟೈಪಿಂಗ್ ಅಂಗಡಿಯಲ್ಲಿ ಜಗಳ ಹತ್ತಿತ್ತು. ಅಬ್ದುಲ್ ಗನಿ ತನ್ನ ಪಾಳಿಗೆ ಕಾಯುತ್ತ ಕೂತಿದ್ದ. ಅವನ ಮುಂದಿದ್ದ ನರ್ಮದಾಳ ಅಂಗನವಾಡಿ ಕೆಲಸದ ಅರ್ಜಿ ಕಂಪ್ಯೂಟರಿನ ಪರದೆಯ ಮೇಲೇನೋ ಇತ್ತು. ಪಕ್ಕದ ಪ್ರಿಂಟರ್ ಮಾತ್ರ ಮೌನವ್ರತ ಹಿಡಿದಿತ್ತು. ಮಾಲೀಕ ವ್ಯಂಕಟೇಶ ಬೆವರುತ್ತಿದ್ದ.

“ಇವತ್ತೇ ಕಡೀ ದಿನ ಅದರಿ. ಐದಕ್ಕ ಆಫೀಸು ಮುಚ್ಚತದ!” ಎಂದಳು ನರ್ಮದಾ.

“ನಾ ಏನು ಮಾಡ್ಲಿ ಅಕ್ಕಾ? ಎರಡೂ ಚಾಲೂ ಅವ. ಒಂದರ ಮಾತು ಒಂದು ಕೇಳವಲ್ಲವು.”

“ಮೊನ್ನಿ ತನಕಾ ಕೇಳ್ತಿದ್ವಲ್ಲ? ನಡುವ ನೀವೇನು ಮಾಡಿದ್ರಿ ಹೇಳ್ರಿ.”

“ಏನೂ ಮಾಡಿಲ್ಲ. ದಸರಾದ ಖಂಡೇ ಪೂಜಿಗೆ ಮಶೀನಿನ ವೈರ್ ಬಿಚ್ಚಿ, ಒರಸಿ, ಕುಂಕುಮ ಹಚ್ಚಿ, ಮತ್ತ ಸಿಗಿಸೇನಿ.”

“ಎಲ್ಲಿ ಹಚ್ಚೀರಿ?”

“ಎಲ್ಲಾ ಕಡಿ.”

ನರ್ಮದಾ ಸೀದಾ ಒಳಗೆ ನುಗ್ಗಿ ಪ್ರಿಂಟರಿನ ಬೆನ್ನು ತಿರುಗಿಸಿ ಕಂಪ್ಯೂಟರಿನಿಂದ ಬಂದ ವೈರ್ ಕಿತ್ತಳು. ವೈರ್ ಸಿಗಿಸುವ ಸಂದಿಯಲ್ಲಿ ನಾಲ್ಕು ಅಕ್ಷತೆ ಕಾಳು ಕುಂಕುಮ ಬಳಿದುಕೊಂಡು ಕೂತಿದ್ದವು.

“ಸಂದ್ಯಾಗೂ ಅಕ್ಷತಿ ತುಂಬೀರಲ್ರೀ! ಇದೇನು ಪ್ರಿಂಟರೋ, ಮದುಮಗನೋ?”

“ಭಕ್ತಿ ಹೆಚ್ಚಾತು ಅಕ್ಕಾ. ತಪ್ಪಾತು.”

“ದೇವರು ಮಾಫ್ ಮಾಡ್ತಾನ್ರಿ, ಆಫೀಸಿನ ಸಾಹೇಬ ಮಾಡಂಗಿಲ್ಲ!”

ತುರುಬಿನ ಪಿನ್ನು ಕಿತ್ತು ಆಕೆಯೇ ಕಾಳುಗಳನ್ನು ಕೆದಕಿ ತೆಗೆದಳು. ಈ ಸಲ ವೈರ್ ಸರಿಯಾಗಿ ಕೂತಿತು. ಪ್ರಿಂಟರ್ ಕಿರ್ರೆಂದು ಬರೆಯತೊಡಗಿತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹಾಳೆ ಹರಿದುಕೊಂಡು ಆಕೆ ಮೆಟ್ಟಿಲಿಳಿದಳು.

“ಅಕ್ಕಾ, ನಿಮ್ಮ ಪಿನ್ನು!” ವ್ಯಂಕಟೇಶ ಕೂಗಿದ.

“ಇಟ್ಕೋರಿ! ಮುಂದಿನ ದಸರಾಕ್ಕ ಬೇಕಾಗ್ತದ,” ಎಂದಳು ನರ್ಮದಾ, ಓಡುತ್ತಲೇ.